ಮನಿ ಬಿಟ್ಟು ಇರ್ತೀಯೇನು?

ಕಳೆದ ಯುಗಾದಿಗೆ ಗೋಕಾಕ ಫಾಲ್ಸ್‌ಗೆ ಹೋಗಿದ್ದೆ. ಹಬ್ಬದ ಮರುದಿನ ಬಾಲ್ಯದ ಗೆಳೆಯ ಮನೆಗೆ ಬಂದು ಒಂದು ಕೆಲಸ ಹಚ್ಚಿದ. ಅವನ ಮಗಳ ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಹೆಣ್ಣುಮಕ್ಕಳ ಒಂದು ವಸತಿ ಶಾಲೆಗೆ ಅರ್ಜಿ ಹಾಕಿದ್ದಾರೆ. ಲಿಖಿತ ಪರೀಕ್ಷೆಯಲ್ಲಿ ಹೆಸರು ಬಂದಿದೆ, ಇನ್ನು ಉಳಿದದ್ದು ಸಂದರ್ಶನ. "ನೀ ಕಾಲೇಜಿನಾಗ ಪಾಠಾ ಹೇಳಾಂವ. ಏನ್ ಕೇಳ್ತಾರ, ಹೆಂಗ ಹೇಳಬೇಕು, ಎರಡ್ ದಿನಾ ಕುಂತು ತಯಾರ ಮಾಡಿಸು" ಎಂದ.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಗೆ ಪ್ರಶ್ನೆಗಳನ್ನು ಬರೆದೆ. ಹೆಸರೇನು, ಊರು ಯಾವುದು, ತಂದೆ ಏನು ಮಾಡುತ್ತಾರೆ, ಯಾವ ವಿಷಯ ಇಷ್ಟ, ದೊಡ್ಡವಳಾಗಿ ಏನಾಗುತ್ತೀ, ಈ ಶಾಲೆಗೇ ಯಾಕೆ ಬರಬೇಕು, ಮನೆ ಬಿಟ್ಟು ಇರುತ್ತೀಯಾ. ನಲವತ್ತು ವರ್ಷದ ಹಿಂದೆ ನನ್ನನ್ನು ಕೇಳಿದ್ದೂ ಇವನ್ನೇ. ಈಗಲೂ ಇವನ್ನೇ ಕೇಳುತ್ತಾರಂತೆ. ತಂದೆಯ ಪ್ರಶ್ನೆಯ ಹತ್ತಿರ ಸಣ್ಣದೊಂದು ಜಗಳವಾಯಿತು. ಹುಡುಗಿ "ಟಂಟಂ ಓಡಸ್ತಾನ್ರಿ" ಎಂದಳು. ಅಡುಗೆಮನೆಯಿಂದ ಅವಳ ತಾಯಿ "ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಅನ್ನು" ಎಂದು ಕೂಗಿದಳು. ಹುಡುಗಿ ನಕ್ಕಳು, ನಾನೂ ನಕ್ಕೆ. ಕೊನೆಯ ಪ್ರಶ್ನೆಗೆ ಬಂದಾಗ ಮಾತ್ರ ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಅಜ್ಜಾ, ಇದಕ್ಕ ಖರೇ ಹೇಳ್ಲೋ, ಅವರಿಗೆ ಬೇಕಾದ್ದು ಹೇಳ್ಲೋ?"

ಇಪ್ಪತ್ತೈದು ವರ್ಷ ತತ್ವಶಾಸ್ತ್ರ ಪಾಠ ಮಾಡಿದವನು ನಾನು. ಸತ್ಯದ ಬಗ್ಗೆ ವಿದ್ಯಾರ್ಥಿಗಳಿಂದ ಎಷ್ಟೋ ಪ್ರಬಂಧ ಬರೆಸಿದ್ದೇನೆ. ಆಗ ಹೊಳೆದ ಉತ್ತರ "ಮೊದಲ ಚಾ ಕುಡಿ" ಎಂಬುದೊಂದೇ.

ಗೋಕಾಕ ಎಂದರೆ ಹೊರಗಿನವರಿಗೆ ಕರದಂಟು ನೆನಪಾಗುತ್ತದೆ, ಇಲ್ಲವೇ ಎಂಬತ್ತರ ದಶಕದ ಭಾಷಾ ಚಳವಳಿ. (ಆ ಚಳವಳಿಗೆ ಹೆಸರು ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ನಮ್ಮೂರಿನ ಪಾಲು ಹೆಸರಿನದಷ್ಟೇ.) ನಮಗೆ ಫಾಲ್ಸ್ ಎಂದರೆ ಮಿಲ್ಲು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದನ್ನು ನೋಡಲು ಪ್ರವಾಸಿಗರು ಮಳೆಗಾಲದಲ್ಲಿ ಬರುತ್ತಾರೆ. 1880ರ ದಶಕದಲ್ಲಿ ಕಂಪನಿಯೊಂದು ಅದೇ ನೀರನ್ನು ನೋಡಿ, ಇದರಿಂದ ಹತ್ತಿ ನೂಲಬಹುದಲ್ಲ ಎಂದು ಲೆಕ್ಕ ಹಾಕಿತು. ಅಲ್ಲಿಂದ ಮುಂದೆ ಊರಿಗೆ ಹೊತ್ತು ತಿಳಿಸುವ ಕೆಲಸವನ್ನು ಸೂರ್ಯನಿಂದ ಮಿಲ್ಲಿನ ಭೋಂಗಾ ಕಸಿದುಕೊಂಡಿತು. ಅಪ್ಪ ಯಾವ ಪಾಳಿ ಎಂಬುದರ ಮೇಲೆ ನಮ್ಮ ಮನೆಯ ಊಟ, ನಿದ್ದೆ, ಸಿಟ್ಟು ಎಲ್ಲ ನಿರ್ಧಾರವಾಗುತ್ತಿದ್ದವು. ಅವನು ರಿಂಗ್ ಫ್ರೇಮಿನ ಮೇಲೆ ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುತ್ತಿದ್ದ. ಮನೆಗೆ ಬಂದಾಗ ಹುಬ್ಬಿನ ಮೇಲೂ ಹತ್ತಿಯ ಪುಡಿ ಕೂತಿರುತ್ತಿತ್ತು.

ಮಿಲ್ಲಿನ ಚಾಳಿನ ಹುಡುಗ ಮಿಲ್ಲಿನ ಆಳಾಗದೆ ಬೇರೆ ಏನಾದರೂ ಆಗಬೇಕಾದರೆ ಹತ್ತು ಹನ್ನೊಂದನೆಯ ವಯಸ್ಸಿಗೇ ಊರು ಬಿಡಬೇಕು ಎಂಬ ಒಂದು ನಂಬಿಕೆ ಆಗಲೇ ಇತ್ತು. ಬೆಳಗಾವಿಯಲ್ಲಿ ಮಿಲಿಟರಿ ಶಾಲೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ, ಹೆಣ್ಣುಮಕ್ಕಳಿಗೆ ಕಿತ್ತೂರಿನಲ್ಲಿ 1969ರಿಂದ ರಾಣಿ ಚೆನ್ನಮ್ಮನ ಹೆಸರಿನ ಶಾಲೆ. ಜೊತೆಗೆ ಮಠಗಳ, ಸಂಸ್ಥೆಗಳ ವಸತಿ ಶಾಲೆಗಳು. ಆಮೇಲೆ ಚಿಕ್ಕೋಡಿ ತಾಲ್ಲೂಕಿನ ಕೋಥಳಿಗೆ ನವೋದಯ ಬಂತು, ಮೊರಾರ್ಜಿ ದೇಸಾಯಿ ಶಾಲೆಗಳು ಬಂದವು. ಇವತ್ತು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಐದನೆಯ ತರಗತಿಯ ಮಗುವಿರುವ ಮನೆಗೆ ಹೋದರೆ ಯಾವುದೋ ಒಂದು ಪ್ರವೇಶ ಪರೀಕ್ಷೆಯ ಗೈಡು ಟಿವಿಯ ಪಕ್ಕ ಬಿದ್ದಿರುತ್ತದೆ.

ನನ್ನ ಸಂದರ್ಶನ ನಡೆದದ್ದು 1984ರ ಬೇಸಿಗೆಯಲ್ಲಿ. ಯಾವ ಶಾಲೆ ಎಂಬುದು ಬೇಡ. ಚಾಳಿನಿಂದ ಇಬ್ಬರು ಹೋಗಿದ್ದೆವು, ನಾನು ಮತ್ತು ಈ ಗೆಳೆಯ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದ. ನಮ್ಮಿಬ್ಬರನ್ನೂ ತಯಾರು ಮಾಡಿದವರು ಪ್ರಾಥಮಿಕ ಶಾಲೆಯ ಮಾಸ್ತರು. ಒಂದು ದುಡ್ಡನ್ನೂ ಮುಟ್ಟದೆ, ಸಂಜೆ ಶಾಲೆ ಬಿಟ್ಟ ಮೇಲೆ ತಮ್ಮ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕಲಿಸಿದರು. ಗೆರೆ ಹಾಕಿದ ನೋಟುಪುಸ್ತಕದಲ್ಲಿ ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ಪುಣ್ಯಕೋಟಿಯ ಹಾಡು ಹೇಳಿಕೊಡುವಾಗ ತಾವೇ ಕಣ್ಣೊರೆಸಿಕೊಳ್ಳುತ್ತಿದ್ದ ಆ ಮಾಸ್ತರೇ ತಂದೆಯ ಉದ್ಯೋಗದ ಮುಂದೆ 'ಮಿಲ್ಲಿನಲ್ಲಿ ಸೂಪರ್‌ವೈಸರ್' ಎಂದು ಬರೆಸಿದರು. ಇದರಲ್ಲಿ ಅವರಿಗೇನೂ ವಿರೋಧ ಕಂಡಿರಲಿಕ್ಕಿಲ್ಲ, ನಮಗಂತೂ ಕಾಣಲಿಲ್ಲ.

ಮೇಜಿನ ಹಿಂದೆ ಮೂವರಿದ್ದರು. ಬಣ್ಣದ ಗಾಜಿನ ಪೇಪರ್‌ವೇಟ್ ಒಂದಿತ್ತು, ನಾನು ಅದನ್ನೇ ನೋಡುತ್ತ ನಿಂತೆ. ಈ ಶಾಲೆಗೆ ಯಾಕೆ ಬರಬೇಕು ಎಂದು ಕೇಳಿದರು. ಶಿಸ್ತು ಕಲಿತು ದೇಶಸೇವೆ ಮಾಡುವುದಕ್ಕೆ ಎಂದೆ. 'ಶಿಸ್ತು' ಎಂಬ ಶಬ್ದವನ್ನು ಅದಕ್ಕೂ ಮೊದಲು ನಾನು ನೋಟುಪುಸ್ತಕದ ಹೊರಗೆ ಬಳಸಿರಲಿಲ್ಲ. ತಂದೆಯ ಬಗ್ಗೆ ಕೇಳಿದಾಗ ಸೂಪರ್‌ವೈಸರ್ ಎಂದೆ. ಆ ಸೂಪರ್‌ವೈಸರ್ ಹೊರಗೆ ಬೇವಿನ ಮರದ ಕೆಳಗೆ, ಒಂದು ದಿನದ ಪಗಾರ ಬಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಕೊನೆಗೆ ಕನ್ನಡಕದವರು ಸ್ವಲ್ಪ ಮುಂದೆ ಬಾಗಿ, "ಮನಿ ಬಿಟ್ಟು ಇರ್ತೀಯೇನು?" ಎಂದರು. ಮೂವರಲ್ಲಿ ನಮ್ಮ ಕಡೆಯ ಮಾತಿನಲ್ಲಿ ಕೇಳಿದವರು ಅವರೊಬ್ಬರೇ. "ಧೈರ್ಯದಿಂದ ಇರ್ತೀನ್ರಿ ಸರ್" ಎಂದೆ. ಅಪ್ಪನಿಗೆ ಮೂರನೆಯ ಪಾಳಿ ಇದ್ದ ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಅವ್ವನನ್ನು ಎಬ್ಬಿಸುತ್ತಿದ್ದ ಹುಡುಗ ನಾನು.

ಗೆಳೆಯ ಒಳಗೆ ಏನು ಹೇಳಿದ ಎಂಬುದು ಮರಳಿ ಬರುವಾಗ ರೈಲಿನಲ್ಲಿ ಗೊತ್ತಾಯಿತು. ಯಾಕೆ ಬಂದೆ ಎಂದದ್ದಕ್ಕೆ "ಅಪ್ಪಾ ಕರಕೊಂಡ ಬಂದಾನ್ರಿ" ಎಂದನಂತೆ. ಮನೆ ಬಿಟ್ಟು ಇರುತ್ತೀಯಾ ಎಂದದ್ದಕ್ಕೆ ಸ್ವಲ್ಪ ಹೊತ್ತು ಯೋಚನೆ ಮಾಡಿ "ಗೊತ್ತಿಲ್ರಿ, ಯಾವತ್ತೂ ಬಿಟ್ಟಿಲ್ಲ" ಎಂದನಂತೆ. ಅವನ ಅಪ್ಪ ತಲೆಯ ಮೇಲೆ ಒಂದು ಮೊಟಕಿದ. ಉಳಿದವರೆಲ್ಲ ನಕ್ಕರು, ಗೆಳೆಯನೂ ನಕ್ಕ.

ನಾನು ಆಯ್ಕೆಯಾದೆ, ಅವನು ಆಗಲಿಲ್ಲ. ಕಾರಣ ಸಂದರ್ಶನವೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಲಿಖಿತ ಪರೀಕ್ಷೆಯ ಅಂಕಗಳನ್ನು ನಮಗೆ ಯಾರೂ ತೋರಿಸಲಿಲ್ಲ; ಭಾಷೆಯ ಭಾಗದಲ್ಲಿ ಅವನು ಎಡವಿರಲೂಬಹುದು. ಈ ಅನುಮಾನವನ್ನು ನಾನು ನಲವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೇನೆ ಎಂಬುದೂ ನಿಜ. ಅದು ಹೋದರೆ ನನ್ನ ಹತ್ತಿರ ಉಳಿಯುವ ಲೆಕ್ಕ ತುಂಬ ಸರಳವಾದದ್ದು.

ಕಲಿತ ಉತ್ತರ ಹೇಳುವುದು ಸುಳ್ಳೇ? ಕೂಡಲೇ ಹೌದು ಎನ್ನಲಾಗುವುದಿಲ್ಲ. ನಮ್ಮ ಕಡೆ ದಾರಿಯಲ್ಲಿ ಎದುರಾದವರು "ಊಟಾ ಆತೇನ್ರಿ?" ಎನ್ನುತ್ತಾರೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಆತ್ರಿ, ನಿಮ್ದು?" ಎನ್ನುತ್ತೇವೆ. ಅದನ್ನು ಸುಳ್ಳು ಎನ್ನುವವನು ಊರಿನಲ್ಲಿ ಬದುಕಲಾರ. ಅಲ್ಲಿ ಕೇಳಿದವನಿಗೆ ಬೇಕಾದದ್ದು ನನ್ನ ಹೊಟ್ಟೆಯ ಸುದ್ದಿಯಲ್ಲ, ನಾವಿಬ್ಬರೂ ಮಾತಾಡುವ ಸಂಬಂಧದಲ್ಲಿದ್ದೇವೆ ಎಂಬ ಖಾತ್ರಿ. ಸಂದರ್ಶನದ ಪ್ರಶ್ನೆಗಳೂ ಹೀಗೆಯೇ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಹತ್ತು ವರ್ಷದ ಮಗುವಿಗೆ ತನ್ನ ಜೀವನದ ಉದ್ದೇಶ ಗೊತ್ತಿಲ್ಲ ಎಂಬುದು ಮೇಜಿನ ಹಿಂದಿನವರಿಗೂ ಗೊತ್ತು. ಮಗು ಎದುರು ನಿಂತು ಸ್ಪಷ್ಟವಾಗಿ ನಾಲ್ಕು ಮಾತಾಡುತ್ತದೆಯೇ ಎಂದಷ್ಟೇ ಅವರು ನೋಡುತ್ತಾರೆ. ಹಾಗಿದ್ದರೆ ದೇಶಸೇವೆ ಎಂದರೇನು, ಗಿಳಿಪಾಠ ಒಪ್ಪಿಸಿದರೇನು?

ಈ ಹೋಲಿಕೆ ಒಂದು ಕಡೆ ಮುರಿದು ಬೀಳುತ್ತದೆ. ನಾನು "ಊಟಾ ಆತ್ರಿ" ಎಂದದ್ದರಿಂದ ಇನ್ನೊಬ್ಬನ ಗಂಗಾಳದ ರೊಟ್ಟಿ ಕಡಿಮೆಯಾಗುವುದಿಲ್ಲ. ಸೀಟುಗಳನ್ನು ಎಣಿಸಿ ಇಟ್ಟಿರುತ್ತಾರೆ. ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದವನಿಗೆ ಅದೇ ನೋಟುಪುಸ್ತಕವಿತ್ತು, ಅವನು ಅದನ್ನು ಒಳಗೆ ಒಯ್ಯಲಿಲ್ಲ.

ನಮ್ಮ ನಾಡಿನ ಅತ್ಯಂತ ಹಳೆಯ ಪ್ರವೇಶ ಸಂದರ್ಶನ ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿದೆ. ಅದೂ ವಸತಿ ಶಾಲೆಯದೇ. ಸತ್ಯಕಾಮ ಎಂಬ ಹುಡುಗ ಗುರುವಿನ ಮನೆಯಲ್ಲಿದ್ದು ಓದಬೇಕೆಂದು ಹೊರಡುವ ಮೊದಲು ತಾಯಿ ಜಬಾಲೆಯನ್ನು ತನ್ನ ಗೋತ್ರ ಯಾವುದೆಂದು ಕೇಳುತ್ತಾನೆ. ಅರ್ಜಿಯಲ್ಲಿ ತುಂಬಬೇಕಾದ ಮೊದಲ ಅಂಕಣ ಅದು. ತಾಯಿ ತನಗೆ ಗೊತ್ತಿಲ್ಲವೆನ್ನುತ್ತಾಳೆ. ಹರೆಯದಲ್ಲಿ ಹಲವು ಕಡೆ ಊಳಿಗ ಮಾಡುತ್ತ ನಿನ್ನನ್ನು ಹೆತ್ತೆ, ನನ್ನ ಹೆಸರು ಜಬಾಲಾ, ನಿನ್ನ ಹೆಸರು ಸತ್ಯಕಾಮ, ಸತ್ಯಕಾಮ ಜಾಬಾಲ ಎಂದೇ ಹೇಳಿಕೊ ಎನ್ನುತ್ತಾಳೆ. ಹುಡುಗ ಗುರು ಗೌತಮನ ಮುಂದೆ ನಿಂತು ತಾಯಿ ಹೇಳಿದ್ದನ್ನು ಹಾಗೆ ಹಾಗೆಯೇ ಒಪ್ಪಿಸುತ್ತಾನೆ. ಗುರು ಅವನನ್ನು ಸೇರಿಸಿಕೊಳ್ಳುತ್ತಾನೆ.

ಸತ್ಯ ಹೇಳಿದ ಹುಡುಗನಿಗೆ ಸೀಟು ಸಿಕ್ಕಿತು ಎಂದು ನೀತಿಪಾಠದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಮೂಲದಲ್ಲಿ ಗುರು ಕೊಡುವ ಕಾರಣ ಬೇರೆ. ಬ್ರಾಹ್ಮಣನಲ್ಲದವನು ಹೀಗೆ ಮಾತಾಡಲಾರ ಎನ್ನುತ್ತಾನೆ ಅವನು. ಹುಡುಗ ಕೊಟ್ಟದ್ದು ಸತ್ಯ, ಗುರು ಕೇಳಿಸಿಕೊಂಡದ್ದು ಕುಲ. ಗೋತ್ರದ ಅಂಕಣ ಖಾಲಿ ಉಳಿಯಲಿಲ್ಲ. ಗುರುವೇ ಅದನ್ನು ಹುಡುಗನ ಮಾತಿನ ಧಾಟಿಯಿಂದ ತುಂಬಿಕೊಂಡ. ಈ ಕಥೆಯನ್ನು ಉದಾರವಾಗಿ ಓದುವವರು ಗುರು ಕುಲದ ಅರ್ಥವನ್ನೇ ಬದಲಿಸಿದ, ಸತ್ಯವಂತನೇ ಬ್ರಾಹ್ಮಣ ಎಂದ ಎನ್ನುತ್ತಾರೆ. ಇರಬಹುದು. ನನಗೆ ಕಾಣುವುದು ಮಾತ್ರ ಪರೀಕ್ಷಕರ ಹಳೆಯ ಅಭ್ಯಾಸ: ಎದುರಿನ ಮಗುವಿನ ಬಾಯಿಂದ ಏನೇ ಬರಲಿ, ಅದರಲ್ಲಿ ಅದರ ಮನೆಯನ್ನು ಓದುವುದು.

ಇವತ್ತಿನ ಗೋತ್ರಕ್ಕೆ 'ಆತ್ಮವಿಶ್ವಾಸ' ಎಂದು ಹೆಸರು. ತಹಶೀಲ್ದಾರರ ಮಗು ಮೇಜಿನ ಮುಂದೆ ನಿಂತು, ತಲೆ ಎತ್ತಿ, ಪೂರ್ಣ ವಾಕ್ಯದಲ್ಲಿ ಉತ್ತರ ಕೊಟ್ಟರೆ ಅದನ್ನು ಪ್ರತಿಭೆ ಎನ್ನುತ್ತೇವೆ. ಅದು ಹುಟ್ಟಿದಾರಭ್ಯ ಊಟದ ಹೊತ್ತಿಗೆ, ಮನೆಗೆ ಬಂದ ಅತಿಥಿಗಳ ಮುಂದೆ ಪಡೆದ ತರಬೇತಿ. ಯಾರೂ ಅದಕ್ಕೆ ತರಬೇತಿ ಎನ್ನುವುದಿಲ್ಲ. ಟಂಟಂ ಓಡಿಸುವವನ ಮಗು ಅದನ್ನೇ ಎರಡು ದಿನದಲ್ಲಿ ಕ್ಯಾಲೆಂಡರಿನ ಹಾಳೆಯಿಂದ ಕಲಿತರೆ ಅದು ಬಾಯಿಪಾಠ, ಕೃತಕ. ನಮ್ಮ ಮಾಸ್ತರಿಗೆ ಈ ಅನ್ಯಾಯ ಚೆನ್ನಾಗಿ ತಿಳಿದಿತ್ತು ಎಂದು ಈಗ ಅನಿಸುತ್ತದೆ. ಅವರು ನನಗೆ ಕೊಟ್ಟದ್ದು ಕೈಬದಲಿ ಕುಲ. ಸೂಪರ್‌ವೈಸರ್ ಎಂದು ಬರೆಸುವಾಗ ಅವರ ಕೈ ನಡುಗಲಿಲ್ಲ. ಆ ಸುಳ್ಳನ್ನು ನಾನು ಇವತ್ತಿಗೂ ದೊಡ್ಡದು ಎಂದುಕೊಳ್ಳುವುದಿಲ್ಲ, ಅಪ್ಪನಿಗೆ ಅದು ಗೊತ್ತಾದಾಗ ಅವನ ಮುಖ ಹೇಗಾಯಿತು ಎಂಬುದನ್ನು ಬಿಟ್ಟು.

ಹಾಗಾದರೆ ಸಂದರ್ಶನವನ್ನೇ ತೆಗೆದುಬಿಡಬಹುದಲ್ಲ ಎನ್ನಬಹುದು. ತೆಗೆದೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯುವಂತಿಲ್ಲ ಎನ್ನುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ ದಂಡ. ಆದರೂ ಆಯ್ಕೆ ಮಾಡಿಕೊಳ್ಳುವ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗಳು ನಡೆದೇ ಇವೆ. ಸೈನಿಕ ಶಾಲೆಗಳ ಆರನೆಯ ತರಗತಿಗೆ ಹಿಂದೆ ಸಂದರ್ಶನವಿತ್ತು. ಈಗ ಲಿಖಿತ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆ. ನವೋದಯದಲ್ಲಿ ಸಂದರ್ಶನದ ಗೊಡವೆಯೇ ಇಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ, ಒಎಂಆರ್ ಹಾಳೆಯಲ್ಲಿ ಕಪ್ಪು ಮಾಡಬೇಕಾದ ವೃತ್ತಗಳು. ಜನ್ಮದಲ್ಲಿ ಒಂದೇ ಅವಕಾಶ, ಎರಡನೆಯ ಸಲ ಕೂಡುವಂತಿಲ್ಲ. ಯಂತ್ರಕ್ಕೆ ಮಗುವಿನ ಮಾತಿನ ಧಾಟಿ ಗೊತ್ತಾಗುವುದಿಲ್ಲ, ಅಂಗಿಯ ಕಾಲರು ಕಾಣುವುದಿಲ್ಲ. ಅದು ದೊಡ್ಡ ನ್ಯಾಯವೇ ಸರಿ. ಈ ಶಾಲೆಗಳಲ್ಲಿ ಕನಿಷ್ಠ 75ರಷ್ಟು ಪ್ರತಿಶತ ಸೀಟು ಹಳ್ಳಿಯ ಮಕ್ಕಳಿಗೆ ಮೀಸಲು ಎಂಬುದೂ ನ್ಯಾಯ.

ಸುಳ್ಳು ಅಲ್ಲಿಂದ ಪೂರ್ತಿ ಹೋಯಿತೇ ಎಂದರೆ, ಅದು ಮಗುವಿನ ಬಾಯಿಂದ ಎದ್ದು ದೊಡ್ಡವರ ಕಾಗದಕ್ಕೆ ಹೋಗಿ ಕೂತಿತು. ಮೂರು, ನಾಲ್ಕು, ಐದನೆಯ ತರಗತಿಗಳಲ್ಲಿ ಒಂದು ದಿನವಾದರೂ ಪಟ್ಟಣದ ಶಾಲೆಯಲ್ಲಿ ಓದಿದ ಮಗು ಹಳ್ಳಿಯ ಪಾಲಿಗೆ ಸಲ್ಲುವುದಿಲ್ಲ ಎಂದು ನವೋದಯದ ನಿಯಮವಿದೆ. ಒಂದೇ ಒಂದು ದಿನ! ಇಷ್ಟು ಬಿಗಿಯಾದ ನಿಯಮ ಯಾಕೆ ಬೇಕಾಯಿತು ಎಂದು ಯೋಚಿಸಿದರೆ ಸಾಕು. ಪಟ್ಟಣದಲ್ಲಿ ಮನೆ ಮಾಡಿ, ಹಾಜರಿ ಪುಸ್ತಕದಲ್ಲಿ ಮಾತ್ರ ಹಳ್ಳಿಯಲ್ಲಿರುವ ಮಕ್ಕಳ ಕಥೆಗಳನ್ನು ಎಲ್ಲ ತಾಲ್ಲೂಕಿನಲ್ಲೂ ಹೇಳುತ್ತಾರೆ.

ಆದರೆ ನನ್ನನ್ನು ಕಾಡುವುದು ಬೇರೆಯೇ. ಒಎಂಆರ್ ಹಾಳೆಯ 80 ಪ್ರಶ್ನೆಗಳಲ್ಲಿ ಮನೆ ಬಿಟ್ಟು ಇರುತ್ತೀಯಾ ಎಂಬುದಿಲ್ಲ. ಅರ್ಜಿಯಲ್ಲಿ ಮಗುವಿನ ಸಹಿ ಇರುತ್ತದೆ, ಪೋಷಕರ ಸಹಿ ಇರುತ್ತದೆ. ಮಗುವಿನ ಮನಸ್ಸನ್ನು ಯಾರೂ ಯಾವ ಹಂತದಲ್ಲೂ ಕೇಳುವುದಿಲ್ಲ. ಸಂದರ್ಶನ ಎಂಬ ಆ ಪಕ್ಷಪಾತದ, ಕುಲ ಓದುವ, ಬಾಯಿಪಾಠದ ವ್ಯವಹಾರದಲ್ಲಿ ಒಂದೇ ಒಂದು ಸಲ ಒಬ್ಬ ದೊಡ್ಡವನು ಮುಂದೆ ಬಾಗಿ ಮಗುವನ್ನು ನಿನಗೆ ಮನಸ್ಸಿದೆಯೇ ಎಂದು ಕೇಳುತ್ತಾನೆ. ಅಪ್ಪ ಕೇಳಿರುವುದಿಲ್ಲ, ಅವ್ವ ಕೇಳಿರುವುದಿಲ್ಲ, ಮಾಸ್ತರು ಕೇಳಿರುವುದಿಲ್ಲ. ಆ ಪ್ರಶ್ನೆಯ ಉತ್ತರವನ್ನೂ ನಾವು ಮೊದಲೇ ಬರೆದುಕೊಟ್ಟು ಕಳಿಸುತ್ತೇವೆ. ಶಿಸ್ತು, ದೇಶಸೇವೆ, ಸೂಪರ್‌ವೈಸರ್ ಎಲ್ಲ ಹೋಗಲಿ. ಆ ಒಂದು ಉತ್ತರ ಮಗುವಿನದಾಗಿತ್ತು, ನಾವು ಅದನ್ನೂ ತೆಗೆದುಕೊಂಡೆವು.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. ಹತ್ತು ವರ್ಷದ ಮಗುವನ್ನು ಕೇಳಿ ಮಾಡುವ ಕೆಲಸವೇ ಇದು? ಸೂಜಿ ಚುಚ್ಚುವಾಗ ಕೇಳುತ್ತೇವೆಯೇ? ಶಾಲೆಗೇ ಹೋಗುವುದಿಲ್ಲ ಎಂದು ಅತ್ತ ಮಗುವನ್ನು ಎತ್ತಿಕೊಂಡು ಹೋಗಿ ಬಿಟ್ಟು ಬರುವುದಿಲ್ಲವೇ? ಪ್ಲೇಟೋ 'ರಿಪಬ್ಲಿಕ್'ನ ಏಳನೆಯ ಪುಸ್ತಕದ ಕೊನೆಗೆ ಇನ್ನೂ ಮುಂದೆ ಹೋಗುತ್ತಾನೆ. ಒಳ್ಳೆಯ ನಗರ ಕಟ್ಟಬೇಕಾದರೆ ಹತ್ತು ವರ್ಷ ದಾಟಿದವರನ್ನೆಲ್ಲ ಹೊಲಗಳಿಗೆ ಕಳಿಸಿ, ಅದಕ್ಕಿಂತ ಸಣ್ಣ ಮಕ್ಕಳನ್ನು ತಂದೆತಾಯಿಯ ರೂಢಿಗಳಿಂದ ದೂರವಿಟ್ಟು ಬೆಳೆಸಬೇಕು ಎನ್ನಿಸುತ್ತಾನೆ ಸಾಕ್ರಟೀಸನ ಬಾಯಲ್ಲಿ. ನಮ್ಮ ಪ್ರವೇಶ ಪರೀಕ್ಷೆಗಳೂ ಹತ್ತರ ಆಸುಪಾಸಿನಲ್ಲೇ ನಿಂತಿರುವುದು ಕಾಕತಾಳೀಯವಿರಬಹುದು, ಆದರೆ ಓದುವಾಗ ಒಮ್ಮೆ ಮೈ ಜುಂ ಎಂದಿತ್ತು. ಮಗು ಯಾರದ್ದೋ ಆಗಿ ಗಟ್ಟಿಯಾಗುವ ಮೊದಲು ಅದನ್ನು ಕೈಗೆತ್ತಿಕೊಳ್ಳಬೇಕು ಎಂಬ ಲೆಕ್ಕ ಎರಡೂ ಕಡೆ ಇದೆ.

ಅಮೆರಿಕದ ತತ್ವಶಾಸ್ತ್ರಜ್ಞೆ ಎಲ್.ಎ. ಪಾಲ್ 2014ರ ತಮ್ಮ ಪುಸ್ತಕವೊಂದರಲ್ಲಿ ಇಂಥ ನಿರ್ಧಾರಗಳ ತೊಡಕನ್ನು ಬಿಡಿಸಿ ನೋಡಿದ್ದಾರೆ. ಕೆಲವು ಅನುಭವಗಳು ಹೇಗಿರುತ್ತವೆ ಎಂಬುದು ಅನುಭವಿಸುವ ಮೊದಲು ತಿಳಿಯುವುದಿಲ್ಲ. ಅನುಭವಿಸಿದ ಮೇಲೆ ಅವನ್ನು ತೂಗುವ ಮನುಷ್ಯನೇ ಬದಲಾಗಿರುತ್ತಾನೆ. ಅವರು ಹೆಚ್ಚಾಗಿ ದೊಡ್ಡವರ ನಿರ್ಧಾರಗಳನ್ನು ಯೋಚಿಸುತ್ತಾರೆ, ಮೊದಲ ಮಗು ಹೆರುವುದು ಇತ್ಯಾದಿ. ಹತ್ತು ವರ್ಷದ ಮಗು ಮನೆ ಬಿಡುವುದಕ್ಕೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. "ಗೊತ್ತಿಲ್ರಿ, ಯಾವತ್ತೂ ಬಿಟ್ಟಿಲ್ಲ" ಎಂದ ನನ್ನ ಗೆಳೆಯ ಆ ಪುಸ್ತಕದ ಸಾರವನ್ನು 1984ರಲ್ಲೇ ಹೇಳಿ ತಲೆಗೆ ಮೊಟಕಿಸಿಕೊಂಡಿದ್ದ.

ನನ್ನದೇ ಉದಾಹರಣೆ ತೆಗೆದುಕೊಂಡರೆ: ಮೊದಲ ವರ್ಷ ದಿನಾ ರಾತ್ರಿ ಹೊದಿಕೆಯೊಳಗೆ ಅತ್ತೆ. ಭೋಂಗಾ ಇಲ್ಲದ ಊರಿನಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ, ಬೆಳಗೂ ಆಗುತ್ತಿರಲಿಲ್ಲ. ದೀಪಾವಳಿ ಸೂಟಿಗೆ ಮನೆಗೆ ಬಂದಾಗ ಅವ್ವ ಬೀಗರು ಬಂದಾಗ ಮಾತ್ರ ತೆಗೆಯುತ್ತಿದ್ದ ಹೂವಿನ ಕಪ್ಪಿನಲ್ಲಿ ನನಗೆ ಚಹಾ ಕೊಟ್ಟಳು. ಪ್ರೀತಿಯಿಂದಲೇ ಕೊಟ್ಟಳು. ನಾನು ಹೋದದ್ದು ಅವತ್ತು ಆ ಕಪ್ಪು ಹಿಡಿದಾಗ ನನಗೆ ತಿಳಿಯಿತು. ಎಂಟನೆಯ ತರಗತಿಯ ಹೊತ್ತಿಗೆ ಅಳು ನಿಂತಿತು. ಇಪ್ಪತ್ತನೆಯ ವಯಸ್ಸಿಗೆ ಯಾರಾದರೂ ಕೇಳಿದರೆ ಹೋದದ್ದೇ ಒಳ್ಳೆಯದಾಯಿತು ಎನ್ನುತ್ತಿದ್ದೆ, ಈಗಲೂ ಎನ್ನುತ್ತೇನೆ. ಆದರೆ ಹೀಗೆ ಎನ್ನುವವನನ್ನು ತಯಾರಿಸಿದ್ದು ಆ ಶಾಲೆಯೇ ಅಲ್ಲವೇ? ಅದು ಮಾಡಿದ ಕೆಲಸ ಸರಿಯೋ ಎಂದು ಕೇಳಲು ನನ್ನನ್ನೇ ಸಾಕ್ಷಿಗೆ ಕರೆದರೆ, ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬೇಕು? ಹೊದಿಕೆಯೊಳಗಿನ ಹುಡುಗನನ್ನು ಕರೆದರೆ ಅವನು ಬೇರೆ ಮಾತು ಹೇಳುತ್ತಾನೆ. ಅವನು ಈಗ ಇಲ್ಲ, ಇಲ್ಲದವನ ಮಾತಿಗೆ ಬೆಲೆ ಇಲ್ಲ ಎಂದು ನಾವು ಎಷ್ಟು ಬೇಗ ತೀರ್ಮಾನಿಸುತ್ತೇವೆ!

ಇದರಿಂದ ವಸತಿ ಶಾಲೆಗಳು ಬೇಡ ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಬಂದರೆ ಅದು ಹತ್ತಿ ಮೇಲೇರಿದವನು ಏಣಿ ಎಳೆದುಕೊಂಡಂತೆ. ಮನೆಯಲ್ಲಿ ಪುಸ್ತಕವಿಲ್ಲದ, ಓದಲು ಒಂದು ಮೂಲೆಯಿಲ್ಲದ, ಹೆಣ್ಣುಮಗುವಾದರೆ ಹತ್ತನೆಯ ತರಗತಿಗೇ ಮದುವೆಯ ಮಾತು ಶುರುವಾಗುವ ಕಡೆ ಆ ಏಣಿಯ ಬೆಲೆ ಏನು ಎಂಬುದು ಗೆಳೆಯನ ಮಗಳಿಗೆ, ಅಂದರೆ ಈ ಹುಡುಗಿಯ ತಾಯಿಗೆ, ಚೆನ್ನಾಗಿ ಗೊತ್ತು. ಅವಳ ಮದುವೆ ಪಿಯುಸಿಯ ಮಧ್ಯದಲ್ಲಾಯಿತು. ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಎಂದು ಅಡುಗೆಮನೆಯಿಂದ ಕೂಗಿದ್ದು ಅವಳು.

ಆ ಸಂಜೆ ಗೆಳೆಯನ ಜೊತೆ ಫಾಲ್ಸಿನ ಕಡೆ ಹೋದೆ. ಬೇಸಿಗೆ, ನೀರು ಅಷ್ಟಕ್ಕಷ್ಟೇ. ಬಂಡೆಯ ಎಲುಬೆಲ್ಲ ಕಾಣುತ್ತಿತ್ತು. ಇನ್ನೂರು ಮೀಟರ್ ಉದ್ದದ ತೂಗುಸೇತುವೆಯನ್ನು ದೂರದಿಂದಲೇ ನೋಡುತ್ತ ಕೂತೆವು. ಚಿಕ್ಕಂದಿನಲ್ಲಿ ಅದರ ಮೇಲೆ ನಿಂತು ಜಿಗಿದು ಅಲುಗಾಡಿಸಿ ಬೈಸಿಕೊಳ್ಳುತ್ತಿದ್ದೆವು. ಅವನು ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದಿದ್ದಾನೆ. ಕೊನೆಗೂ ಕೇಳಿದೆ, ಅವತ್ತು ಮಾಸ್ತರು ಕಲಿಸಿದ್ದನ್ನು ಒಳಗೆ ಯಾಕೆ ಹೇಳಲಿಲ್ಲ ಎಂದು. ಮರೆತಿದ್ದನೋ, ಬೇಕೆಂದೇ ಬಿಟ್ಟನೋ?

"ಮರತಿರಲಿಲ್ಲೋ. ಆ ಕನ್ನಡಕದವರು ಹಂಗ ಕೇಳಿದ್ರಲ್ಲಾ, ಮನಿ ಮಂದಿ ಕೇಳಿದಂಗಾತು. ಅದಕ್ಕ ಖರೇ ಹೇಳಿಬಿಟ್ಟೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅದರ ಬಗ್ಗೆ ನನಗೇನೂ ಬ್ಯಾಸರಿಲ್ಲ. ಖರೇ ಹೇಳಿದ್ದಕ್ಕ ಯಾಕ ಬ್ಯಾಸರಾಗಬೇಕು. ಆದರ ಈಕಿಗೆ ಮಾತ್ರ ನೀ ಕಲಿಸಿ ಕಳಸು" ಎಂದ.

ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಅವನಿಗೆ ಕಷ್ಟವಾಗಲಿಲ್ಲ. ತನ್ನ ಸತ್ಯದ ಬೆಲೆಯನ್ನು ಅವನು ಕೊಟ್ಟಾಗಿತ್ತು. ಮೊಮ್ಮಗಳಿಂದಲೂ ಅದೇ ಬೆಲೆ ಕೊಡಿಸುವ ಹಕ್ಕು ತನಗಿಲ್ಲ ಎಂದು ಅವನ ಲೆಕ್ಕ. ನನಗೆ ಬೇರೆ ಲೆಕ್ಕ ಹೊಳೆಯಲಿಲ್ಲ, ಅವನ ಮುಂದೆ ಸತ್ಯದ ಪರವಾಗಿ ಮಾತಾಡುವ ಧೈರ್ಯವೂ ಬರಲಿಲ್ಲ. ನನ್ನ ಸೀಟು ಯಾವ ಮಾತಿನಿಂದ ಬಂದದ್ದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಹುಡುಗಿಯೊಡನೆ ಮತ್ತೆ ಕೂತೆ. ಒಳಗೆ ಹೋದಾಗ ನಮಸ್ಕಾರ ಹೇಳುವುದು, ಕೂಡು ಎಂದ ಮೇಲೆ ಕೂಡುವುದು, ಪ್ರಶ್ನೆ ತಿಳಿಯದಿದ್ದರೆ "ಇನ್ನೊಮ್ಮೆ ಹೇಳ್ರಿ" ಎನ್ನಲು ಹೆದರದಿರುವುದು, ಇಷ್ಟನ್ನು ಎರಡು ಸಲ ಆಡಿಸಿದೆ. ತಂದೆಯ ಮುಂದೆ ಟಂಟಂ ಎಂದೇ ಇರಲಿ ಎಂದೆ. ತಾಯಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು, ಆದರೆ ಏನೂ ಅನ್ನಲಿಲ್ಲ. ಕೊನೆಯ ಪ್ರಶ್ನೆಯನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆ.

"ಇದನ್ನ ಕೇಳೋದಿಲ್ಲೇನು?" ಎಂದಳು.

"ಕೇಳ್ತಾರ. ನಾ ಇದನ್ನ ಕಲಿಸೋದಿಲ್ಲ. ಅವತ್ತ ನಿನಗ ಏನ್ ಅನಸ್ತೈತಿ ಅದು."

ಅವಳಿಗೆ ಇದು ಸಮಾಧಾನವಾದಂತೆ ಕಾಣಲಿಲ್ಲ. ಕಲಿಸಲು ಬಂದವನು ಕಠಿಣವಾದದ್ದನ್ನೇ ಬಿಟ್ಟು ಹೋಗುತ್ತಿದ್ದಾನೆ ಎಂದುಕೊಂಡಿರಬೇಕು. ಅದು ತಪ್ಪೂ ಅಲ್ಲ. ನಾನು ಅವಳಿಗೆ ಅವಳ ಉತ್ತರವನ್ನು ಮರಳಿ ಕೊಟ್ಟೆನೋ, ಎಲ್ಲರೂ ಛತ್ರಿ ಹಿಡಿದಿರುವ ಮಳೆಯಲ್ಲಿ ಅವಳೊಬ್ಬಳ ಛತ್ರಿ ಕಸಿದುಕೊಂಡೆನೋ, ಧಾರವಾಡದ ಬಸ್ಸಿನಲ್ಲಿ ಕೂತ ಮೇಲೂ ಬಗೆಹರಿಯಲಿಲ್ಲ. ಹಾಳೆಯನ್ನು ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತ ಅವಳು ಕೇಳಿದ್ದು ಇನ್ನೊಂದು:

"ಅಜ್ಜಾ, ಅವರ ಕೇಳೋದ ಮುಗದ ಮ್ಯಾಲ ನಾ ಅವರನ್ನ ಏನರ ಕೇಳಬಹುದೇನು?"

"ಏನ್ ಕೇಳಾಕಿ?"

"ಸೂಟಿ ಯಾವಾಗ ಬಿಡ್ತೀರಿ ಅಂತ."